‘ಅಪೊಕಲಿಪ್ಟಿಕ್’ಗೆ ಕನ್ನಡ ಪದ? ಇವತ್ತೇ ಬೇಕು

ಶಿವಮೊಗ್ಗದಿಂದ:
ಶನಿವಾರ ನಮ್ಮ ಕಾಲೇಜಿನಲ್ಲಿ ಉಪನ್ಯಾಸ ಇದೆ. 60–70ರ ದಶಕದ ರಾಕ್ ಹಾಡುಗಳಲ್ಲಿ ಯುದ್ಧ, ಗಲಭೆ, ಬಾಂಬಿನ ಭಯವೆಲ್ಲ ಲೋಕ ಮುಗಿಯುವ ಚಿತ್ರಗಳಾಗಿ ಬಂದ ಬಗೆ. ಫ್ಲೆಕ್ಸ್ ಅಂಗಡಿಯವರು ಐದು ಗಂಟೆಯೊಳಗೆ ಮ್ಯಾಟರ್ ಕೇಳಿದ್ದಾರೆ. ‘ಪ್ರಳಯದ ಪ್ರತಿಮೆಗಳು’ ಅಂತ ಬರೆದಿಟ್ಟಿದ್ದೇನೆ. ಸರಿಯೇ? ಯುಗಾಂತ್ಯ, ಕಲ್ಪಾಂತ ಹಾಕಿದರೆ ಪುರಾಣ ಪ್ರವಚನ ಅಂದುಕೊಳ್ಳುತ್ತಾರೆ.

ಬೆಂಗಳೂರಿನಿಂದ:
ಪ್ರಳಯ, ಪ್ರತಿಮೆ ಎರಡೂ ಸಕ್ಕದದ (ಸಂಸ್ಕೃತದ) ಎರವಲು. ಬಿಡುಗಡೆ, ನಿಲುಗಡೆ ಸಾಲಿನಲ್ಲಿ ‘ಮುಳುಗಡೆ’ ಇದೆಯಲ್ಲ? ಮುಳುಗಡೆನೋಟ. ಅರ್ತ ತಾನೇ ಹೊಳೆಯುತ್ತದೆ.

ಸಾಗರದಿಂದ:
ನಮಗೆ ಹೊಳೆಯುವ ಅರ್ಥವೇ ಬೇರೆ ಮಾರಾಯ್ರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮನೆ-ಗದ್ದೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇನ್ನೂ ‘ಮುಳುಗಡೆ ಸಂತ್ರಸ್ತ’ ಅಂತ ಅರ್ಜಿ ಬರೀತಿದ್ದಾರೆ. ಫ್ಲೆಕ್ಸ್ ನೋಡಿ ಹಕ್ಕುಪತ್ರ ಕೇಳೋಕೆ ಬಂದಾರು. ಪ್ರಳಯವೇ ಇರಲಿ.

ತೀರ್ಥಹಳ್ಳಿಯಿಂದ:
ಯಾರೂ ಹಾಡು ಕೇಳಿದ ಹಾಗಿಲ್ಲ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 1962ರಲ್ಲಿ ಬರೆದ ‘ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್’ (ಜಡಿಮಳೆ ಬೀಳಲಿದೆ) ತಗೊಳ್ಳಿ. ಎಲ್ಲಿಗೆ ಹೋಗಿದ್ದೆ, ಏನು ಕಂಡೆ ಅಂತ ಮಗನನ್ನು ಕೇಳುವುದು, ಅವನು ಕಂಡದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸುವುದು, ಇಷ್ಟೇ ಅದರ ಕಟ್ಟು. ಮಳೆ ಇನ್ನೂ ಬಿದ್ದಿಲ್ಲ. ಅಮೆರಿಕ, ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಹಾಡು ಅಂತ ಎಲ್ಲರೂ ಬರೆಯುತ್ತಾರೆ. ಬಿಕ್ಕಟ್ಟು ಅಕ್ಟೋಬರಿನದು, ಆತ ಸೆಪ್ಟೆಂಬರಿನಲ್ಲೇ ವೇದಿಕೆಯಲ್ಲಿ ಹಾಡಿಯಾಗಿತ್ತು. ಅಣುಬಾಂಬಿನ ಮಳೆಯಲ್ಲ ಅಂತಲೂ ಆತನೇ ಹೇಳಿದ್ದಾನೆ. (ಮಳೆ ಅಂದ ಕೂಡಲೇ ಪ್ರಳಯ ಅನ್ನುವವರು ಆರಿದ್ರಾ ಮಳೆಗೆ ಆಗುಂಬೆ ಕಡೆ ಬನ್ನಿ. ಇಲ್ಲಿ ಜಡಿಮಳೆ ಅಂದರೆ ಅಡಿಕೆಗೆ ಕೊಳೆ ಬಂತು, ಬೋರ್ಡೋ ಔಷಧಿ ಹೊಡೆಯೋಕೆ ಹೊಳವಾಗಲಿಲ್ಲ ಅನ್ನೋ ಚಿಂತೆ, ಅಷ್ಟೆ.)

‘ಅಪೊಕಲಿಪ್ಸ್’ ಪದದ ಗ್ರೀಕ್ ಮೂಲದಲ್ಲೂ ನಾಶ ಇಲ್ಲ, ಮುಸುಕು ತೆಗೆಯುವುದು ಅಂತ ಅರ್ಥ. ಅದೇ ಹೆಸರಿನ, ಬೈಬಲಿನ ಕೊನೆಯ ಪುಸ್ತಕ ಕನ್ನಡದಲ್ಲಿ ‘ಪ್ರಕಟನೆ’. ಅದನ್ನು ಹಾಕಿದರೆ ನೀರಿನ ಬಿಲ್ಲಿನ ‘ಪ್ರಕಟಣೆ’ ಅಂತ ಓದಿಕೊಂಡು ಹೋಗುತ್ತಾರೆ. ‘ಕಾಲಜ್ಞಾನ’ ಹಾಕಿ. ಮುಂದಾಗುವುದನ್ನು ಹೇಳುವ, ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನದಲ್ಲಿ ಕೇಡುಗಾಲದ ಕುರುಹೂ ಇದೆ, ದೊರೆತನ ಬುಡಮೇಲಾಗುವುದೂ ಇದೆ, ಲೋಕವನ್ನು ಸರಿಪಡಿಸುವ ದೊರೆ ವೀರವಸಂತರಾಯ ಬರುವುದೂ ಇದೆ. ಭಯ, ದಂಗೆ ಎರಡನ್ನೂ ಒಂದೇ ಪದ ಹೊರುತ್ತದೆ.

ಕೊಪ್ಪದಿಂದ:
ಬೆಳಿಗ್ಗೆ ಟೀವಿಯಲ್ಲಿ ಭವಿಷ್ಯ ಹೇಳುವವರೆಲ್ಲ ಈಗ ಕಾಲಜ್ಞಾನಿಗಳೇ. ಸವೆದ ಪದ. ಕ್ಲ್ಯಾಶ್ ತಂಡದ 1979ರ ‘ಲಂಡನ್ ಕಾಲಿಂಗ್’ನಲ್ಲಿ ಥೇಮ್ಸ್ ನದಿ ಉಕ್ಕುವ ಭಯವೇ ಇದೆ. ಅಲ್ಲಿ ಪ್ರಳಯ ಸರಿಯಾಗಿಯೇ ಕೂರುತ್ತದೆ.

ತೀರ್ಥಹಳ್ಳಿಯಿಂದ:
ಒಂದು ಹಾಡಿಗೆ ಕೂರುತ್ತದೆ. ಫ್ಲೆಕ್ಸ್ ಎಲ್ಲ ಹಾಡಿಗೂ ಸೇರಿ.

ಬೆಂಗಳೂರಿನಿಂದ:
ಕಾಲಜ್ಞಾನವೂ ಸಕ್ಕದವೇ. ‘ಬರುಗಾಲದ ನುಡಿ’ ಅನ್ನಬಹುದು.

ಸಾಗರದಿಂದ:
ಬರಗಾಲ ಅಂತ ಓದ್ತಾರೆ. ಅದೂ ಮಲೆನಾಡಲ್ಲಿ!

ಶಿವಮೊಗ್ಗದಿಂದ:
ಐದಾಯ್ತು. ‘ರಾಕ್ ಹಾಡಿನ ಕಾಲಜ್ಞಾನ’ ಅಂತ ಕಳಿಸಿದೆ. ಎಲ್ಲರಿಗೂ ವಂದನೆ.

ಬೆಂಗಳೂರಿನಿಂದ:
‘ರಾಕ್’ ಹಾಗೇ ಬಿಟ್ಟಿರಲ್ಲ?

ತೀರ್ಥಹಳ್ಳಿಯಿಂದ:
ಬಂಡೆಹಾಡು ಅನ್ನಿ ನೋಡೋಣ. ಮೊದಲು ಕಾಫಿಗೊಂದು ಕನ್ನಡ ಪದ ತನ್ನಿ, ಆಮೇಲೆ ಮಾತಾಡೋಣ.