ಬೇಸಿಗೆ ಬಂತೆಂದರೆ ಬ್ರೆಡ್ ಮಷಿನ್‌ನ ಬ್ರೆಡ್ ನಡುವೆ ಕುಸಿಯುವುದೇಕೆ?

ಪ್ರಶ್ನೆ, ರಾಯಚೂರಿನಿಂದ:

ಚಳಿಗಾಲದಲ್ಲಿ ನಮ್ಮ ಬ್ರೆಡ್ ಮಷಿನ್‌ನಲ್ಲಿ ತಕ್ಕಮಟ್ಟಿಗೆ ಚೆನ್ನಾಗಿಯೇ ಬರುತ್ತಿದ್ದ ಬ್ರೆಡ್, ಮಾರ್ಚ್ ಕಳೆದ ಮೇಲೆ ಮುಚ್ಚಳದವರೆಗೂ ಉಬ್ಬಿ, ಬೇಯುವ ಹೊತ್ತಿಗೆ ನಡುವೆ ಗುಳಿ ಬಿದ್ದು ಕುಳಿತುಬಿಡುತ್ತಿದೆ; ಹುಳಿ ವಾಸನೆಯೂ ಇದೆ. ಅಳತೆಯನ್ನು ಬದಲಿಸಿಲ್ಲ: ಮೈದಾ ಮತ್ತು ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟು ಸಮಪಾಲಾಗಿ ಒಟ್ಟು 500 ಗ್ರಾಂ, ನೀರು 320 ಮಿ.ಲೀ., ಇನ್‌ಸ್ಟಂಟ್ ಈಸ್ಟ್ 7 ಗ್ರಾಂ, ಉಪ್ಪು ಒಂದು ಚಮಚ. ರಾತ್ರಿ ಟೈಮರ್ ಇಟ್ಟು ಬೆಳಿಗ್ಗೆ ತೆಗೆಯುವುದು ರೂಢಿ. ಮುಂದೆ ಜೋಳದ ಹಿಟ್ಟನ್ನೂ ಬೆರೆಸಬೇಕೆಂಬ ಆಸೆಯಿದೆ. ದೋಷ ಮಷಿನ್‌ನದೋ, ಅಳತೆಯದೋ?

ಉತ್ತರ, ಬಳ್ಳಾರಿಯಿಂದ:

ಮಷಿನ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದು ಗಡಿಯಾರ ನೋಡಿ ಕೆಲಸ ಮಾಡುತ್ತದೆಯೇ ಹೊರತು ಹಿಟ್ಟನ್ನು ನೋಡಿ ಅಲ್ಲ. ತಣ್ಣಗಿರುವ ಹಿಟ್ಟನ್ನು ಬೆಚ್ಚಗೆ ಮಾಡಬಲ್ಲದು, ಆದರೆ ಬಿಸಿಯಾದ ಹಿಟ್ಟನ್ನು ತಂಪು ಮಾಡುವ ಏರ್ಪಾಡು ಮನೆಬಳಕೆಯ ಸಾಮಾನ್ಯ ಮಷಿನ್‌ಗಳಲ್ಲಿ ಇರುವುದಿಲ್ಲ. ನಾದಿ ಮುಗಿದಾಗ ಹಿಟ್ಟಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ನಮ್ಮ ಕಡೆ ಹೊರಗೆ 40 ಡಿಗ್ರಿ ದಾಟುವ ದಿನಗಳಲ್ಲಿ ಡಬ್ಬಿಯ ಹಿಟ್ಟು, ಮಾಳಿಗೆಯ ಮೇಲಿನ ಟ್ಯಾಂಕಿನ ನೀರು, ನಾದುವಾಗಿನ ತಿಕ್ಕಾಟ ಈ ಮೂರೂ ಸೇರಿ ಆ ಮಿತಿಯನ್ನು ಆರಂಭದಲ್ಲೇ ಮೀರಿಸುತ್ತವೆ. ಈಸ್ಟ್ ಅವಸರದಿಂದ ಗಾಳಿ ತುಂಬುತ್ತದೆ, ಬೇಯಿಸುವ ಹಂತ ಬರುವಷ್ಟರಲ್ಲಿ ಗ್ಲುಟೆನ್ (ಆ ಗಾಳಿಯನ್ನು ಹಿಡಿದಿಡುವ, ಗೋಧಿಯಲ್ಲಿನ ಜಿಗುಟಾದ ಪ್ರೋಟೀನ್) ಹಿಗ್ಗುವಷ್ಟು ಹಿಗ್ಗಿ ಸೋತಿರುತ್ತದೆ.

ಆದ್ದರಿಂದ ಫ್ರಿಜ್‌ನ ನೀರನ್ನೇ ಬಳಸಿ, ಈಸ್ಟನ್ನು 3ರಿಂದ 4 ಗ್ರಾಂಗೆ ಇಳಿಸಿ, ನಾದುವಷ್ಟು ಹೊತ್ತು ಮುಚ್ಚಳ ತೆರೆದಿಡಿ. ಉಪ್ಪನ್ನು ಚಮಚದಲ್ಲಿ ಅಳೆಯದೆ 9 ಗ್ರಾಂ ತೂಗಿ ಹಾಕಿ, ಏಕೆಂದರೆ ಈಸ್ಟಿನ ವೇಗಕ್ಕೆ ಕಡಿವಾಣ ಹಾಕುವುದೂ ಗ್ಲುಟೆನ್ನನ್ನು ಬಿಗಿಗೊಳಿಸುವುದೂ ಉಪ್ಪೇ. ನೀರನ್ನೂ 20 ಮಿ.ಲೀ. ಕಡಿಮೆ ಮಾಡಿ. ಟೈಮರನ್ನು ಮಳೆಗಾಲದವರೆಗೆ ಮರೆತುಬಿಡಿ: ರಾತ್ರಿಯಿಡೀ ಕಾಯುವಾಗ ತಣ್ಣೀರು ತಣ್ಣೀರಾಗಿ ಉಳಿಯುವುದಿಲ್ಲ. ಹಾಲು, ಮೊಸರು ಹಾಕಿ ಟೈಮರ್ ಇಡುವುದಂತೂ ಯಾವ ಕಾಲಕ್ಕೂ ಸಲ್ಲದು.

ಉತ್ತರ, ಗಂಗಾವತಿಯಿಂದ:

ತಣ್ಣೀರು, ಈಸ್ಟುಗಳ ವಿಚಾರ ಸರಿ. ನೀರು ಕಡಿಮೆ ಮಾಡುವ ಸಲಹೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಗಿರಣಿಯ ಕಲ್ಲಿನಲ್ಲಿ ಬೀಸಿದಾಗ ಗೋಧಿಯ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗುವುದರಿಂದ ಆ ಹಿಟ್ಟು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತದೆ, ತೌಡೂ ನಿಧಾನವಾಗಿ ನೀರೆಳೆಯುತ್ತದೆ. ಅರ್ಧ ಭಾಗ ಗೋಧಿ ಹಿಟ್ಟೇ ಇರುವಾಗ 300 ಮಿ.ಲೀ.ಗೆ ಇಳಿಸಿದರೆ ಬ್ರೆಡ್ ಕುಸಿಯದಿದ್ದರೂ ಮರುದಿನಕ್ಕೆ ಪುಡಿಪುಡಿಯಾಗುತ್ತದೆ. ನಾದಲು ಶುರುವಾಗಿ ಹತ್ತು ನಿಮಿಷಕ್ಕೆ ಹಿಟ್ಟಿನ ಉಂಡೆಯನ್ನು ಮುಟ್ಟಿ ನೋಡಿ. ಬೆರಳಿಗೆ ತುಸು ಅಂಟಿ ಬಿಟ್ಟುಕೊಳ್ಳುವಂತಿದ್ದರೆ ಸಾಕು; ತಳದಲ್ಲಿ ಹರಡಿಕೊಂಡಿದ್ದರೆ ಒಂದು ಚಮಚ ಹಿಟ್ಟು, ಬಿರುಕು ಬಿಟ್ಟಿದ್ದರೆ ಒಂದು ಚಮಚ ನೀರು. ಪೂರ್ತಿ ಗೋಧಿ ಹಿಟ್ಟಿನದಾದರೆ 350ರಿಂದ 375 ಮಿ.ಲೀ. ನೀರು ಬೇಕಾಗಬಹುದು.

ಜೋಳದಲ್ಲಿ ಗ್ಲುಟೆನ್ ಇಲ್ಲ. 500 ಗ್ರಾಂನಲ್ಲಿ 50ರಿಂದ 75 ಗ್ರಾಂ ಮೀರಿದರೆ ಬ್ರೆಡ್ ಏಳುವುದು ಕಷ್ಟ. ಅದನ್ನು ಒಣಗಿದ್ದಂತೆಯೇ ಸುರಿಯುವ ಬದಲು, ರೊಟ್ಟಿಗೆ ಎಸರಿಟ್ಟು ಕಲಸುವಂತೆಯೇ ಕುದಿನೀರಿನಲ್ಲಿ ಕಲಸಿ, ಪೂರ್ತಿ ಆರಿದ ಮೇಲೆ ಸೇರಿಸಿ. ಆ ನೀರನ್ನು ಒಟ್ಟು ಅಳತೆಯಲ್ಲಿ ಹಿಡಿಯಬೇಕು. ಬೆಂದ ಪಿಷ್ಟ ನೀರನ್ನು ಹಿಡಿದಿಡುವುದರಿಂದ ಬ್ರೆಡ್ ಬೇಗ ಒಣಗುವುದಿಲ್ಲ. ಇದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ, ಆದರೆ ಮಷಿನ್ ಜೊತೆ ಬರುವ ಪುಸ್ತಿಕೆಯಲ್ಲಿ ಹುಡುಕಿದರೆ ಸಿಗಲಾರದು.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದಗಳು. ನೀರನ್ನು ಹಾಗೆಯೇ ಉಳಿಸಿಕೊಂಡು ಮೊದಲು ಈಸ್ಟ್ ಇಳಿಸಿ ನೋಡುತ್ತೇನೆ. ನಡುವೆ ಕರೆಂಟ್ ಹೋದರೆ ಏನು ಮಾಡಬೇಕು?

ಉತ್ತರ, ಬಳ್ಳಾರಿಯಿಂದ:

ಕೆಲವು ನಿಮಿಷಗಳ ಅಡಚಣೆಯಾದರೆ ಬಿಟ್ಟಲ್ಲಿಂದ ಮುಂದುವರಿಯುವ ಸೌಲಭ್ಯ ಹಲವು ಮಷಿನ್‌ಗಳಲ್ಲಿದೆ. ನಿಮ್ಮದರಲ್ಲಿ ಎಷ್ಟು ನಿಮಿಷವೆಂದು ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಅದಕ್ಕೂ ಹೆಚ್ಚಾದರೆ ಪಾತ್ರೆಯನ್ನು ಹೊರತೆಗೆದು ಫ್ರಿಜ್‌ನಲ್ಲಿಡಿ, ಕರೆಂಟ್ ಬಂದ ಮೇಲೆ ಹಿಟ್ಟು ಪಾತ್ರೆಯ ಮುಕ್ಕಾಲು ಭಾಗಕ್ಕೆ ಏರುವವರೆಗೆ ಕಾದು, ಬೇಯಿಸುವ ಹಂತವನ್ನಷ್ಟೇ ಆರಿಸಿಕೊಳ್ಳಿ.