ರಸಾಯನಶಾಸ್ತ್ರ ಒಂದರಲ್ಲೇ 74: ಇಂಜಿನಿಯರಿಂಗ್ ಸೀಟಿಗೆ ಎಷ್ಟು ಪೆಟ್ಟು?

ಪ್ರಶ್ನೆ (ಸಾಗರದ ತಂದೆ):
ನನ್ನ ಮಗನ ದ್ವಿತೀಯ ಪಿಯು ಪರೀಕ್ಷೆ-1ರ ಫಲಿತಾಂಶ ಬಂದಿದ್ದು, ಭೌತಶಾಸ್ತ್ರದಲ್ಲಿ 95, ಗಣಿತದಲ್ಲಿ 97 ಪಡೆದವನಿಗೆ ರಸಾಯನಶಾಸ್ತ್ರದಲ್ಲಿ ಮಾತ್ರ 74 ಬಂದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಯಾವ ವಿಷಯದಲ್ಲೂ 90ರ ಕೆಳಗೆ ಇಳಿಯದಿದ್ದ ಹುಡುಗ ಈಗ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ಅವನ ಆಸೆಯೆಲ್ಲ ಬೆಂಗಳೂರಿನ ಯುವಿಸಿಇ ಅಥವಾ ಸುರತ್ಕಲ್‌ನ ಎನ್‌ಐಟಿಕೆ ಎಂಬ ಇಂಜಿನಿಯರಿಂಗ್ ಕಾಲೇಜುಗಳ ಮೇಲಿದೆ. ಈ ಒಂದು ವಿಷಯದಿಂದಾಗಿ ಎರಡೂ ಕೈತಪ್ಪಿದಂತೆಯೇ? ಅಡಿಕೆ ತೋಟ ನೋಡಿಕೊಂಡಿರುವ ನನಗೆ ಈ ಲೆಕ್ಕ ತಿಳಿಯದು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಪಿಯು ಉಪನ್ಯಾಸಕ, ಶಿವಮೊಗ್ಗ):
ಎರಡಕ್ಕೂ ಲೆಕ್ಕ ಬೇರೆ ಬೇರೆ. ಯುವಿಸಿಇಗೆ ಬೇಕಾದ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ರ್‍ಯಾಂಕನ್ನು ಕಟ್ಟುವಾಗ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ 300 ಅಂಕಗಳಿಗೆ ಅರ್ಧ ತೂಕ, ಸಿಇಟಿಯ 180 ಅಂಕಗಳಿಗೆ ಇನ್ನರ್ಧ ತೂಕ ಕೊಡುತ್ತಾರೆ. ಅಂದರೆ ಪಿಯುವಿನ ಐದು ಅಂಕಕ್ಕೆ ಸಿಇಟಿಯ ಮೂರು ಅಂಕ ಸಮ. ರಸಾಯನಶಾಸ್ತ್ರದಲ್ಲಿ 94 ಬರಬೇಕಿತ್ತು ಎಂದುಕೊಂಡರೆ, ಕಳೆದುಕೊಂಡ 20 ಅಂಕಗಳನ್ನು ತುಂಬಿಕೊಳ್ಳಲು ಸಿಇಟಿಯಲ್ಲಿ 12 ಪ್ರಶ್ನೆಗಳಿಗೆ ಹೆಚ್ಚಾಗಿ ಸರಿಯುತ್ತರ ಬರೆಯಬೇಕಾಗುತ್ತದೆ. ತಪ್ಪುತ್ತರಕ್ಕೆ ಅಲ್ಲಿ ಅಂಕ ಕಡಿತವಿಲ್ಲ ಎಂಬುದನ್ನು ಅವನಿಗೆ ನೆನಪಿಸಿ.

ಎನ್‌ಐಟಿಕೆಯ ವಿಷಯದಲ್ಲಿ ಚಿಂತೆ ಬೇಡ. ಅಲ್ಲಿನ ಸೀಟು ಜೆಇಇ ಮೇನ್ (ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ರ್‍ಯಾಂಕಿನ ಮೇಲೆ ಸಿಗುತ್ತದೆ. ಪಿಯುವಿನಲ್ಲಿ ಒಟ್ಟಾರೆ ಶೇ. 75 ಇರಬೇಕು ಅಥವಾ ಮಂಡಳಿಯ ಪರೀಕ್ಷೆ ಬರೆದವರಲ್ಲಿ ಮೇಲಿನ ಶೇ. 20ರೊಳಗೆ ಇರಬೇಕು ಎಂಬ ಅರ್ಹತೆಯಷ್ಟೇ ಅಲ್ಲಿ ಮುಖ್ಯ. ಈ 74 ಒಂದು ವಿಷಯದ ಅಂಕವೇ ಹೊರತು ಒಟ್ಟು ಸರಾಸರಿಯಲ್ಲವಲ್ಲ! ಅರ್ಧದಷ್ಟು ಸೀಟುಗಳು ನಮ್ಮ ರಾಜ್ಯದವರಿಗೇ ಮೀಸಲು ಎನ್ನುವುದೂ ನಿಮ್ಮ ಪಾಲಿಗೆ ಅನುಕೂಲವೇ.

ಉತ್ತರ 2 (ತೀರ್ಥಹಳ್ಳಿ):
ಮೇಷ್ಟ್ರ ಲೆಕ್ಕ ಸರಿಯಾಗಿದೆ, ಆದರೆ 12 ಅಂಕಗಳನ್ನು ಹಗುರವಾಗಿ ಕಾಣುವಂತಿಲ್ಲ. ಮುಂಚೂಣಿಯ ರ್‍ಯಾಂಕುಗಳಲ್ಲಿ ಮಕ್ಕಳು ಒತ್ತೊತ್ತಾಗಿ ನಿಂತಿರುವುದರಿಂದ ದಶಮಾಂಶದ ವ್ಯತ್ಯಾಸಕ್ಕೂ ಸ್ಥಾನ ಜಾರುತ್ತದೆ. ಕಂಪ್ಯೂಟರ್ ಸೈನ್ಸೇ ಬೇಕು ಎಂದು ಹಟ ಹಿಡಿದರೆ ಈ ನಷ್ಟ ಎದ್ದು ಕಾಣುತ್ತದೆ. ಸಿವಿಲ್ ಅಥವಾ ಮೆಕ್ಯಾನಿಕಲ್ ಆದರೂ ಸರಿ ಎನ್ನುವವನಿಗೆ ಅಷ್ಟಾಗಿ ಕಾಣುವುದಿಲ್ಲ.

ಉತ್ತರ 3 (ಹೊಸನಗರ):
ಪರೀಕ್ಷೆ-2 ಇರುವುದನ್ನು ಯಾರೂ ಹೇಳಲಿಲ್ಲವಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಬೇಕಾದ ವಿಷಯವೊಂದನ್ನೇ ಮತ್ತೆ ಬರೆದು, ಎರಡರಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಕಡಿಮೆ ಬಂದರೆ ಈಗಿನ 74 ಎಲ್ಲಿಗೂ ಹೋಗುವುದಿಲ್ಲ. ಅರ್ಜಿಗೆ ಕೊಡುವ ದಿನಗಳು ಬಹಳ ಕಡಿಮೆಯಾದ್ದರಿಂದ ನಾಳೆಯೇ ಕಾಲೇಜಿನ ಕಚೇರಿಗೆ ಹೋಗಿ. ಹೊಸ ಅಂಕವನ್ನು ಸಿಇಟಿಗೆ ಸೇರಿಸುವ ಬಗ್ಗೆ, ಸಿಇಟಿ ನಡೆಸುವ ಕೆಇಎ ಹೊರಡಿಸುವ ಪ್ರಕಟಣೆಯನ್ನೂ ಗಮನಿಸುತ್ತಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿಮ್ಮ ಉತ್ತರಗಳನ್ನು ಮಗನಿಗೆ ಓದಿ ಹೇಳಿದೆ. ಸಾವಯವ ರಸಾಯನಶಾಸ್ತ್ರವನ್ನು ಕೊನೆಯ ವಾರಕ್ಕೆ ಎತ್ತಿಟ್ಟಿದ್ದೆ ಎಂದು ಈಗ ಬಾಯಿಬಿಟ್ಟಿದ್ದಾನೆ. ಮೊದಲು ಸಿಇಟಿ ಮುಗಿಸಿ, ಆಮೇಲೆ ಆ ಒಂದು ವಿಷಯವನ್ನು ಮತ್ತೆ ಬರೆಯುತ್ತಾನಂತೆ. ಅರ್ಜಿ ಕಟ್ಟಲು ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ.