ಅಪ್‌ಡೇಟ್: ಅರಸೀಕೆರೆಯಲ್ಲಿ ರೈಲು ಬದಲಿಸಿದ್ದು

ದಾವಣಗೆರೆಯಿಂದ ಹಾಸನಕ್ಕೆ ನೇರ ರೈಲಿನಲ್ಲಿ ಸೀಟು ಸಿಗಲಿಲ್ಲ, ಮಂಡಿನೋವಿರುವ ಅಮ್ಮನ ಜೊತೆ ಅರಸೀಕೆರೆಯಲ್ಲಿ ಬದಲಿಸಬಹುದಾ ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

ಹೆಚ್ಚು ಉಪಯೋಗವಾಗಿದ್ದು ಎರಡೂ ರೈಲಿನ ಟಿಕೆಟ್‌ಗಳ ಪಿಎನ್ಆರ್ (ಟಿಕೆಟ್ ಮೇಲಿರುವ ಬುಕಿಂಗ್ ಸಂಖ್ಯೆ) ಜೋಡಿಸಿ ಅನ್ನೋ ಸಲಹೆ. 2019ರ ಏಪ್ರಿಲ್‌ನಿಂದ ಈ ಸೌಲಭ್ಯ ಇದೆಯಂತೆ, ನನಗೆ ಗೊತ್ತೇ ಇರಲಿಲ್ಲ. ಮೊದಲ ರೈಲು ತಡವಾಗಿ ಎರಡನೇದು ತಪ್ಪಿದರೆ, ಆ ಟಿಕೆಟ್ಟಿನ ಹಣ ವಾಪಸ್ ಕೇಳಬಹುದು. ಆದರೆ ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ವಿವರ ಒಂದೇ ಇರಬೇಕು. ಮೊದಲ ರೈಲಿನಿಂದ ಇಳಿಯುವ, ಎರಡನೇದನ್ನು ಹತ್ತುವ ನಿಲ್ದಾಣವೂ ಒಂದೇ ಆಗಿರಬೇಕು. ನಮಗೆ ಅದರ ಅಗತ್ಯ ಬರಲಿಲ್ಲ, ಆದರೂ ಧೈರ್ಯ ಇತ್ತು.

ನಡುವೆ ಜಾಸ್ತಿ ಸಮಯ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಅಮ್ಮ ಆತುರವಿಲ್ಲದೆ, ಕೈ ಹಿಡಿದುಕೊಂಡು ನಿಧಾನವಾಗಿ ನಡೆದರು. ವಯಸ್ಸಾದವರ ಜೊತೆ ಹೋಗುವವರು ಅರ್ಧ ಗಂಟೆಯ ಲೆಕ್ಕ ಹಾಕಬೇಡಿ, ದಯವಿಟ್ಟು. ಪ್ಲಾಟ್‌ಫಾರ್ಮ್ ಕೊನೇ ಗಳಿಗೆಯಲ್ಲಿ ಬದಲಾಗಬಹುದು, ಅನೌನ್ಸ್‌ಮೆಂಟ್ ಕಡೆ ಕಿವಿ ಇರಲಿ.

ಬೆಂಗಳೂರಿನಿಂದ ಹಾಸನಕ್ಕೆ ಹೋಗುವವರಿಗೂ ಅರಸೀಕೆರೆಯೇ ದಾರಿನಾ ಅಂತ ಒಬ್ಬರು ಕೇಳಿದ್ದರು. ಈಗ ಹಾಗೇನಿಲ್ಲ. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ಮಾರ್ಗ ಶುರುವಾಯಿತಲ್ವಾ, ಅದು ಹತ್ತಿರದ ದಾರಿ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ ಕಡೆಯಿಂದ ಹಾಸನಕ್ಕೆ ಬರುವ ನಮ್ಮಂಥವರಿಗೆ ಮಾತ್ರ ಇವತ್ತಿಗೂ ಅರಸೀಕೆರೆಯೇ ಆಧಾರ. ವಾಪಸ್ ಬರುವಾಗ ನೇರ ರೈಲಿನಲ್ಲೇ ಸೀಟು ಸಿಕ್ಕಿತು.